ನೀರು ಕಡಿದದ್ದು, ನಾವು ಬರೆದದ್ದು

ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ನಾವೊಂದು ಸುದ್ದಿ ಬರೆದೆವು. ಜಿಲ್ಲಾ ಪುಟದಲ್ಲಿ ಮೂರು ಕಾಲಂ ಬಂತು, ಫೋಟೊ ಸಮೇತ. ‘ನಕಲಿ ಬಿಡಿಭಾಗ: ನದಿ ದಂಡೆಯ ರೈತರಿಗೆ ಪಂಗನಾಮ’ ಅಂತ ತಲೆಬರಹ. ಅವತ್ತು ವಾಟ್ಸ್‌ಆ್ಯಪ್‌ನಲ್ಲಿ ಬಹಳ ಮಂದಿ ಹೆಬ್ಬೆರಳು ಎತ್ತಿದರು. ಸುದ್ದಿ ತಪ್ಪಿತ್ತು.

‘ನಾವು’ ಅಂದರೆ ಗುಂಪಲ್ಲ, ಒಬ್ಬರೇ. ಹತ್ತು ವರ್ಷ ‘ಪತ್ರಿಕೆಯೊಂದಿಗೆ ಮಾತನಾಡಿದ ಅವರು’ ಅಂತ ಬರೆದೂ ಬರೆದೂ ‘ನಾನು’ ಅನ್ನುವ ಪದ ಕೈಗೆ ಹತ್ತುವುದಿಲ್ಲ. ಯರಗೇರಾದಲ್ಲಿ ಮನೆ, ರಾಯಚೂರಿಗೆ ದಿನಾ ಬೈಕು, ಲೆಕ್ಕ ಸುದ್ದಿಗಿಷ್ಟು ಅಂತ. ಇಷ್ಟು ಹೇಳಿದರೆ ಈ ಬ್ಲಾಗ್ ಓದುವವರಿಗೆ ಉಳಿದದ್ದು ಗೊತ್ತಾಗುತ್ತದೆ.

ನಡೆದದ್ದು ಹೀಗೆ. ನಮ್ಮ ಸೋದರಮಾವನದು ತುಂಗಭದ್ರೆಯ ದಂಡೆಯಲ್ಲಿ ಹೊಲ. ಮೆಣಸಿನಕಾಯಿ ಹಾಕಿದ್ದ. ದಂಡೆಯ ಮೇಲೆ ಐದು ಎಚ್‌ಪಿ ಪಂಪು. ಶಿವರಾತ್ರಿ ಮುಗಿದ ಮೇಲೆ ನೀರು ಎತ್ತುವುದು ಕಡಿಮೆಯಾಯಿತು. ಬಿಚ್ಚಿ ನೋಡಿದರೆ ಒಳಗಿನ ಇಂಪೆಲ್ಲರ್, ಅಂದರೆ ನೀರು ತಳ್ಳುವ ಫ್ಯಾನ್, ಗೆದ್ದಲು ತಿಂದ ಹಲಗೆಯ ಹಾಗಾಗಿತ್ತು. ಕ್ರಾಸ್ ಹತ್ತಿರದ ಮೆಕ್ಯಾನಿಕ್ ಚಾಚಾ ಹೊಸದು ಹಾಕಿಕೊಟ್ಟರು. ಗ್ಲ್ಯಾಂಡ್ ಹಗ್ಗವನ್ನೂ ಎರಡು ಸಲ ಬದಲಿಸಿದರು. ಆರು ವಾರದಲ್ಲಿ ಹೊಸ ಫ್ಯಾನಿಗೂ ಅದೇ ಗತಿ.

ಮಾಮ ಸಿಟ್ಟಿನಲ್ಲಿ ಫೋನ್ ಮಾಡಿದ. “ಅಳಿಯಾ, ಡೂಪ್ಲಿಕೇಟ್ ಮಾಲು ಹಾಕ್ಯಾನ. ಪೇಪರ್‌ನ್ಯಾಗ ಹಾಕು.” ನಾವು ಹೋದೆವು. ಪಕ್ಕದ ಹೊಲದ ಇಬ್ಬರು ರೈತರು ಸಿಕ್ಕರು, ಅವರ ಪಂಪಿಗೂ ಹಾಗೇ ಆಗಿತ್ತು, ಅವರೂ “ಮಾಲು ಡೂಪ್ಲಿಕೇಟ್” ಅಂದರು. ಮೂವರು ಹೇಳಿದ ಮೇಲೆ ಇನ್ನೇನು ಬೇಕು? ತೂತು ಬಿದ್ದ ಫ್ಯಾನ್ ಕೈಯಲ್ಲಿ ಹಿಡಿಸಿ ಮಾಮನ ಫೋಟೊ ತೆಗೆದೆವು. ಚಾಚಾನ ಅಂಗಡಿಗೂ ಹೋಗಿದ್ದೆವು, ಬಾಗಿಲು ಹಾಕಿತ್ತು. ‘ಪ್ರತಿಕ್ರಿಯೆಗೆ ಸಿಗಲಿಲ್ಲ’ ಅಂತ ಬರೆದೆವು. ಅವರು ಮಸೀದಿಗೆ ಹೋಗಿದ್ದರು, ಅರ್ಧ ತಾಸು ಕಾದಿದ್ದರೆ ಸಿಗುತ್ತಿದ್ದರು.

ಅಂಗಡಿಯ ಹೆಸರು ಹಾಕಲಿಲ್ಲ. ಆದರೆ ನದಿ ಕಡೆಯ ಊರುಗಳಿಗೆಲ್ಲ ಪಂಪು ಬಿಚ್ಚುವ ಅಂಗಡಿ ಆ ರಸ್ತೆಯಲ್ಲಿ ಇದ್ದದ್ದು ಒಂದೇ. ಹೆಸರು ಬೇಕಿರಲಿಲ್ಲ.

ಹದಿನೈದು ದಿನ ಬಿಟ್ಟು ಬೈಕಿನ ಚೈನ್ ಕಟ್ಟಾಗಿ ಅದೇ ಅಂಗಡಿಯ ಮುಂದೆ ನಿಂತೆವು. ಬೇರೆ ದಾರಿ ಇರಲಿಲ್ಲ. ಚಾಚಾ ನಮ್ಮನ್ನು ಸಣ್ಣವರಿದ್ದಾಗಿನಿಂದ ‘ಬೇಟಾ’ ಅನ್ನುತ್ತಿದ್ದವರು. ಅವತ್ತು “ಬರ್ರಿ ಸಾಹೇಬ್ರ” ಅಂದರು. ಚೈನ್ ಹಾಕಿದರು. ರೊಕ್ಕ ತೊಗೊಳ್ಳಲಿಲ್ಲ. ಆಮೇಲೆ ಒಳಗಿನಿಂದ ಎರಡು ಹಳೆಯ ಫ್ಯಾನ್ ತಂದು ನಮ್ಮ ಮುಂದಿಟ್ಟರು.

“ನೋಡ್ರಿ. ಇದು ಉಸುಕು ತಿಂದದ್ದು. ನುಣ್ಣಗ ಸವದದ, ಗೆರಿ ಗೆರಿ ಅದ. ಇದು ನಿಮ್ಮ ಮಾಮಂದು. ಬಾಯಿ ಕಡಿಗೆ ನೋಡ್ರಿ, ತೂತು ತೂತು. ಇದು ಉಸುಕಿನ ಕೆಲಸ ಅಲ್ಲ, ಮಾಲಿಂದೂ ತಪ್ಪಲ್ಲ. ಇದು ನೀರು ಕಡದದ್ದು.”

ನೀರು ಕಡಿಯುತ್ತದಾ? ನಮಗೆ ನಗು ಬಂತು, ನಗಲಿಲ್ಲ. ಅವರು ಮುಂದುವರಿಸಿದರು: “ನದಿ ಕೆಳಗ ಹೋತು. ನಿಮ್ಮ ಮಾಮ ಪಂಪು ಇಳಸಲಿಲ್ಲ, ಪೈಪು ಜೋಡಿಸಿದ. ಬ್ಯಾಡ ಅಂದೆ. ಕೇಳಲಿಲ್ಲ. ಹೋಗಿ ಪಂಪಿಗೆ ಕಿವಿ ಹಚ್ಚಿ ಕೇಳ್ರಿ, ಒಳಗ ಬೆಣಚುಕಲ್ಲು ಬಿದ್ದಂಗ ಸಪ್ಪಳ ಬರ್ತದ. ಬಿಚ್ಚಿದ್ರ ಒಂದು ಕಲ್ಲೂ ಇರಂಗಿಲ್ಲ.”

ಮರುದಿನ ಕರೆಂಟು ಬರುವ ಹೊತ್ತಿಗೆ ಹೊಲಕ್ಕೆ ಹೋದೆವು. ಕಟ್ಟಿಗೆಯ ಒಂದು ತುದಿ ಪಂಪಿಗೆ, ಇನ್ನೊಂದು ತುದಿ ಕಿವಿಗೆ. ಹೌದು, ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂಥ ಸದ್ದು. ಟೇಪು ಹಿಡಿದು ಅಳತೆ ಮಾಡಿದೆವು. ನೀರಿನ ಮಟ್ಟದಿಂದ ಪಂಪಿನ ತನಕ 24 ಅಡಿ. ಸಂಕ್ರಾಂತಿಯ ಹೊತ್ತಿಗೆ ಅದು ಹದಿನಾಲ್ಕು ಅಡಿ ಇತ್ತಂತೆ. ಫುಟ್‌ವಾಲಿಗೆ ಪಾಚಿ ಕಟ್ಟಿತ್ತು. ಪಕ್ಕದ ಇಬ್ಬರದೂ ಅದೇ ನದಿ, ಅದೇ ದಂಡೆ, ಅದೇ ತಪ್ಪು. ಅವರಿಗೆ ‘ಮಾಲು ಡೂಪ್ಲಿಕೇಟ್’ ಅಂತ ಮೊದಲು ಹೇಳಿದ್ದು ಯಾರು ಅಂತ ಕೇಳಿದೆವು. ಮಾಮನೇ. ಮೂವರು ಸಾಕ್ಷಿ ಅಂತ ನಾವು ಎಣಿಸಿದ್ದು ಒಬ್ಬನನ್ನೇ ಮೂರು ಸಲ.

ನೀರು ಹೇಗೆ ಕಡಿಯುತ್ತದೆ ಅಂತ ಕೇಳಲು ರಾಯಚೂರಿನಲ್ಲಿ ಭೌತಶಾಸ್ತ್ರ ಕಲಿಸುವ ಗೆಳೆಯನ ಹತ್ತಿರ ಹೋದೆವು. ಅವನು ಪುಸ್ತಕ ತೆಗೆಯಲಿಲ್ಲ. ಮೆಡಿಕಲ್ ಶಾಪಿನಿಂದ ಸೂಜಿಯಿಲ್ಲದ ಒಂದು ಸಿರಿಂಜ್ ತರಿಸಿದ, ಚಹಾದ ಅಂಗಡಿಯಲ್ಲಿ ಕುದಿಯದ, ಕೈಗೆ ತಾಳುವುದಕ್ಕಿಂತ ಸ್ವಲ್ಪ ಹೆಚ್ಚು ಬಿಸಿಯ ನೀರು ಕೇಳಿದ. ಸಿರಿಂಜಿನಲ್ಲಿ ಕಾಲು ಭಾಗ ನೀರು ಎಳೆದು, ಗಾಳಿ ಹೊರಹಾಕಿ, ಬಾಯಿಗೆ ಬೆರಳು ಒತ್ತಿ ಹಿಡಿದು ಹಿಂದಕ್ಕೆ ಜಗ್ಗಿದ. ನೀರು ಗುಳುಗುಳು ಕುದಿಯಿತು, ಒಲೆಯೇ ಇಲ್ಲದೆ. ಬಿಟ್ಟ ಕೂಡಲೇ ಗುಳ್ಳೆಗಳು ಮಾಯ. ನೀವೂ ಮಾಡಿ ನೋಡಬಹುದು, ಮಕ್ಕಳಿಗೆ ಬಹಳ ಸೇರುತ್ತದೆ. ಬಿಸಿನೀರು ಮಾತ್ರ ಜ್ವಾಕಿ.

ನೀರು ಕುದಿಯುವುದಕ್ಕೆ ಬಿಸಿ ಒಂದೇ ಕಾರಣವಲ್ಲ, ಮೇಲಿನ ಒತ್ತಡ ಕಡಿಮೆಯಾದರೂ ಕುದಿಯುತ್ತದೆ. ಪಂಪು ನೀರನ್ನು ‘ಎಳೆಯುತ್ತದೆ’ ಅನ್ನುತ್ತೇವಲ್ಲ, ನಿಜಕ್ಕೂ ಎಳೆಯುವುದಿಲ್ಲ. ಪಂಪು ತನ್ನ ಬಾಯಲ್ಲಿ ಒತ್ತಡ ಇಳಿಸುತ್ತದೆ, ಹೊರಗಿನ ಗಾಳಿ ನದಿಯ ನೀರನ್ನು ಪೈಪಿನೊಳಕ್ಕೆ ಒತ್ತುತ್ತದೆ. ಗಾಳಿಗೆ ಅಷ್ಟು ಮಾತ್ರ ತಾಕತ್ತು. ಸಮುದ್ರದ ಮಟ್ಟದಲ್ಲಿ, ಎಲ್ಲವೂ ಸರಿ ಇದ್ದರೆ, ಲೆಕ್ಕಕ್ಕೆ 33-34 ಅಡಿ. ರಾಯಚೂರು ಸುಮಾರು 400 ಮೀಟರ್ ಎತ್ತರದಲ್ಲಿದೆ, ಅಲ್ಲೇ ಒಂದಿಷ್ಟು ಹೋಯಿತು. ಪೈಪಿನ ಉದ್ದ, ಬೆಂಡು, ಪಾಚಿ, ಬೇಸಿಗೆಯ ಬಿಸಿನೀರು, ಎಲ್ಲಾ ಕಳೆದರೆ 20 ಅಡಿ ದಾಟಿದ ಮೇಲೆ ಧೈರ್ಯವಿಲ್ಲ. ದಾಟಿದರೆ ಫ್ಯಾನಿನ ಬಾಯಲ್ಲಿ ನೀರು ತಣ್ಣಗೇ ಕುದಿದು ಗುಳ್ಳೆಯಾಗುತ್ತದೆ. ಗುಳ್ಳೆ ಫ್ಯಾನಿನ ರೆಕ್ಕೆಯ ಮೇಲೆ ಮುಂದೆ ಸಾಗಿದಂತೆ ಒತ್ತಡ ಏರುತ್ತದೆ, ಗುಳ್ಳೆ ಒಮ್ಮೆಲೇ ಕುಸಿಯುತ್ತದೆ.

ಈ ಕುಸಿತವೇ ಕಡಿತ. ತೇರಿನ ದಿನ ಜನರ ನಡುವೆ ಒಂದು ಖಾಲಿ ಜಾಗ ಉಂಟಾದರೆ ಸುತ್ತಲಿನಿಂದ ಹೇಗೆ ನುಗ್ಗುತ್ತಾರೆ? ಹಾಗೇ ನೀರು ನಾಲ್ಕೂ ಕಡೆಯಿಂದ ಗುಳ್ಳೆಯ ಜಾಗಕ್ಕೆ ನುಗ್ಗುತ್ತದೆ. ಒಂದು ಕಡೆ ಕಬ್ಬಿಣವಿದ್ದರೆ ಆ ಕಡೆಯಿಂದ ನೀರು ಬರಲಾರದು, ಎದುರಿನಿಂದ ಬಂದ ನೀರು ಸೂಜಿಯ ಹಾಗೆ ಗುಳ್ಳೆಯನ್ನು ತೂರಿ ಕಬ್ಬಿಣಕ್ಕೇ ಹೊಡೆಯುತ್ತದೆ. ಒಂದು ಗುಳ್ಳೆಯಿಂದ ಏನೂ ಆಗುವುದಿಲ್ಲ. ಲೆಕ್ಕವಿಲ್ಲದಷ್ಟು ಗುಳ್ಳೆ, ದಿನಕ್ಕೆ ಏಳು ತಾಸು, ಆರು ವಾರ.

ಇಂಗ್ಲಿಷಿನಲ್ಲಿ ಇದಕ್ಕೆ ಕ್ಯಾವಿಟೇಶನ್ ಅನ್ನುತ್ತಾರೆ. ಬ್ರಿಟಿಷರಿಗೆ ಇದು 1890ರ ದಶಕದಲ್ಲೇ ತಲೆನೋವಾಗಿತ್ತು. ‘ಡೇರಿಂಗ್’ ಅಂತ ಅವರ ಯುದ್ಧದ ಹಡಗು, ಅಂದುಕೊಂಡಷ್ಟು ಓಡಲಿಲ್ಲ. ಹಿಂದಿನ ಫ್ಯಾನಿನ ಸುತ್ತ ನೀರಿನಲ್ಲಿ ಪೊಳ್ಳು ಬೀಳುತ್ತಿತ್ತು. ಹಡಗಿನ ಫ್ಯಾನ್ ತೂತಾಗುವ ಇದೇ ಕಾಟ ನೋಡಿ ಲಾರ್ಡ್ ರೇಲಿ ಎಂಬ ವಿಜ್ಞಾನಿ 1917ರಲ್ಲಿ ಗುಳ್ಳೆ ಕುಸಿಯುವಾಗ ಎಷ್ಟು ಒತ್ತಡ ಹುಟ್ಟುತ್ತದೆ ಅಂತ ಲೆಕ್ಕ ಹಾಕಿದ. ಸಾಮ್ರಾಜ್ಯದ ಹಡಗಿಗೆ ಆದದ್ದು ನಮ್ಮ ಮಾಮನ ಐದು ಎಚ್‌ಪಿಗೂ ಆಗಿತ್ತು.

ನಾವು ಎದ್ದು ಹೊರಡುವವರಿದ್ದೆವು. ಗೆಳೆಯ ಕೈ ಹಿಡಿದು ಕೂಡಿಸಿದ. “ಕುಂದ್ರು ದೋಸ್ತ, ಖರೆ ಮಜಾ ಇನ್ನ ಮುಂದದ. ಆ ಗುಳ್ಳಿ ಕುಸಿವಾಗ ಬೆಳಕು ಬರ್ತದ.”

ನಂಬಿಕೆ ಬರಲಿಲ್ಲ. ಒಂದು ತಪ್ಪು ಸುದ್ದಿ ಬರೆದು ಸುಟ್ಟುಕೊಂಡವರು ನಾವು. ಹಾಗಾಗಿ ಆ ವಾರವೆಲ್ಲ ಅದನ್ನೇ ಓದಿದೆವು, ಅವನಿಂದ ಕೇಳಿ ಕೇಳಿ ಬರೆದುಕೊಂಡೆವು.

1934ರಲ್ಲಿ ಜರ್ಮನಿಯ ಕಲೋನ್ ವಿಶ್ವವಿದ್ಯಾಲಯದಲ್ಲಿ ಫ್ರೆಂಜೆಲ್, ಶುಲ್ಟೆಸ್ ಅಂತ ಇಬ್ಬರಿದ್ದರು. ಫೋಟೊ ಬೇಗ ತೊಳೆಯಬಹುದೇನೋ ಅಂತ ನೀರಿನೊಳಗೆ ಕಿವಿಗೆ ಕೇಳದಷ್ಟು ಚುರುಕಾದ ಸದ್ದನ್ನು ಬಿಟ್ಟರು. ಫೋಟೊದ ಮೇಲೆ ಬೇಡದ ಚುಕ್ಕೆಗಳು ಬಿದ್ದವು. ಕತ್ತಲೆಯ ಕೋಣೆಯಲ್ಲಿ ಬೆಳಕು ಎಲ್ಲಿಂದ? ನೀರಿನೊಳಗಿನ ಗುಳ್ಳೆಗಳಿಂದ. ಸದ್ದು ನೀರನ್ನು ಒಮ್ಮೆ ಹಿಗ್ಗಿಸುತ್ತದೆ, ಒಮ್ಮೆ ಹಿಂಡುತ್ತದೆ. ಹಿಗ್ಗಿದಾಗ ಗುಳ್ಳೆ ಉಬ್ಬುತ್ತದೆ, ಹಿಂಡಿದಾಗ ಕುಸಿಯುತ್ತದೆ, ಕುಸಿಯುವ ಕೊನೆಯ ಗಳಿಗೆಯಲ್ಲಿ ಮಿಂಚುತ್ತದೆ. ನಾವಾಗಿದ್ದರೆ ಫಿಲ್ಮು ಕೆಟ್ಟಿದೆ, ಮಾಲು ಡೂಪ್ಲಿಕೇಟ್ ಅಂತ ಅಂಗಡಿಯವನ ಮೇಲೆ ಬರೆದುಬಿಡುತ್ತಿದ್ದೆವು.

ಅದೇ 1934ರಲ್ಲಿ ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಭಾರತೀಯ ವಿಜ್ಞಾನ ಅಕಾಡೆಮಿ ಕಟ್ಟಿದರು. ಮುಂದಿನ ಎರಡು ವರ್ಷದಲ್ಲಿ ಅವರೂ ನಾಗೇಂದ್ರನಾಥ್ ಅವರೂ ಸೇರಿ ಅದೇ ಅಕಾಡೆಮಿಯ ಪತ್ರಿಕೆಯಲ್ಲಿ ಸಾಲಾಗಿ ಲೇಖನ ಬರೆದರು. ವಿಷಯ: ಕಿವಿಗೆ ಕೇಳದ ಸದ್ದು ಹಾಯುತ್ತಿರುವ ನೀರಿನಂಥ ದ್ರವದಲ್ಲಿ ಬೆಳಕು ಬಿಟ್ಟರೆ ಆ ಬೆಳಕು ಹೇಗೆ ಸೀಳಿ ಹೋಗುತ್ತದೆ. ಅವರದ್ದು ಹೊರಗಿನ ಬೆಳಕನ್ನು ಸದ್ದು ಬಾಗಿಸುವ ಮಾತು, ಕಲೋನಿನವರದ್ದು ಸದ್ದೇ ಬೆಳಕು ಹುಟ್ಟಿಸಿದ ಮಾತು. ಎರಡೂ ಒಂದೇ ಅಲ್ಲ. ಆದರೆ ಆ ಕಾಲಕ್ಕೆ ನೀರು, ಸದ್ದು, ಬೆಳಕು ಈ ಮೂರರ ಬೆನ್ನು ಹತ್ತಿದವರು ನಮ್ಮ ರಾಜ್ಯದಲ್ಲೂ ಇದ್ದರು ಅಂತ ತಿಳಿದು ಖುಷಿಯಾಯಿತು. ರಾಮನ್–ನಾಥ್ ಹೆಸರಿನಲ್ಲೇ ಆ ಸಿದ್ಧಾಂತವನ್ನು ಇಂದಿಗೂ ಜಗತ್ತೆಲ್ಲ ಓದುತ್ತದೆ.

ಬೆಳಕು ಬಂದದ್ದೇನೋ ಸರಿ, ಆದರೆ ಲಕ್ಷಾಂತರ ಗುಳ್ಳೆಗಳ ಗದ್ದಲದಲ್ಲಿ ಯಾವುದು ಯಾವಾಗ ಮಿಂಚಿತು ಅಂತ ಹೇಳುವುದು ಹೇಗೆ? ಐವತ್ತು ವರ್ಷ ಇದು ಹಾಗೇ ಉಳಿಯಿತು. 1989ರ ಹೊತ್ತಿಗೆ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದಲ್ಲಿ ಲಾರೆನ್ಸ್ ಕ್ರಮ್ ಅವರ ಕೈಕೆಳಗೆ ಓದುತ್ತಿದ್ದ ಫೆಲಿಪೆ ಗೈಟಾನ್ ಎಂಬ ವಿದ್ಯಾರ್ಥಿ ಒಂದೇ ಒಂದು ಗುಳ್ಳೆಯನ್ನು ಹಿಡಿದು ನಿಲ್ಲಿಸಿದ. ಗಾಳಿ ತೆಗೆದ ನೀರು, ಹೊರಗಿನಿಂದ ಸದ್ದು. ಸದ್ದಿನ ಅಲೆಗಳೇ ಗುಳ್ಳೆಯನ್ನು ಪಾತ್ರೆಯ ನಡುವೆ ಹಿಡಿದಿಡುತ್ತವೆ. ಅದು ಸೆಕೆಂಡಿಗೆ ಇಪ್ಪತ್ತು-ಮೂವತ್ತು ಸಾವಿರ ಸಲ ಉಬ್ಬಿ ಕುಸಿಯುತ್ತದೆ, ಪ್ರತಿ ಸಲವೂ ಒಂದು ಮಿಂಚು. ಉಬ್ಬಿದಾಗ ತಲೆಗೂದಲಿನ ದಪ್ಪದಷ್ಟು, ಕುಸಿದಾಗ ಅದರ ನೂರರಲ್ಲಿ ಒಂದು ಪಾಲು. ಒಂದು ಸೆಕೆಂಡನ್ನು ಸಾವಿರ ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲು, ಒಂದು ಮಿಂಚಿನ ಆಯಸ್ಸು ಹೆಚ್ಚುಕಡಿಮೆ ಅಷ್ಟೇ. ಸಾಲಾಗಿ ಬರುವುದರಿಂದ ಕಣ್ಣಿಗೆ ಅದು ಆರದ ಚುಕ್ಕಿಯಂತೆ, ನೀಲಿಯಾಗಿ ಕಾಣುತ್ತದೆ. ಕೋಣೆ ಮಾತ್ರ ಪೂರ್ತಿ ಕತ್ತಲಿರಬೇಕು, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ತನಕ ಸುಮ್ಮನೆ ಕೂಡಬೇಕು.

ಬೆಳಕು ಯಾಕೆ? ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಮುಟ್ಟಿ ನೋಡಿದ್ದೀರಾ, ಬಿಸಿ ಇರುತ್ತದೆ. ಗಾಳಿಯನ್ನು ಅದುಮಿದರೆ ಬಿಸಿಯಾಗುತ್ತದೆ. ಗುಳ್ಳೆಯೊಳಗಿನ ಗಾಳಿಯನ್ನು ನೀರು ಎಷ್ಟು ಬೇಗ, ಎಷ್ಟು ಜೋರಾಗಿ ಅದುಮುತ್ತದೆಂದರೆ ಬಿಸಿ ಹೊರಗೆ ಹೋಗಲು ಸಮಯವೇ ಇಲ್ಲ. 2005ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಫ್ಲ್ಯಾನಿಗನ್ ಮತ್ತು ಸಸ್ಲಿಕ್ ನೀರಿನ ಬದಲು ಗಂಧಕಾಮ್ಲ ಬಳಸಿ, ಬೆಳಕಿನ ಬಣ್ಣ ಬಿಡಿಸಿ ನೋಡಿ ಸುಮಾರು 15,000 ಡಿಗ್ರಿ ಅಂತ ಲೆಕ್ಕ ಕೊಟ್ಟರು. ಸೂರ್ಯನ ಮೇಲ್ಮೈ ಐದೂವರೆ ಸಾವಿರದ ಆಸುಪಾಸು. ಹೊಳೆಯುವುದು ಮುಖ್ಯವಾಗಿ ಆರ್ಗಾನ್, ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲದ ಅನಿಲ. ಉಳಿದ ಅನಿಲಗಳು ಆ ಬಿಸಿಗೆ ಒಡೆದು ನೀರಿಗೆ ಸೇರಿಹೋಗುತ್ತವೆ, ಯಾರ ಜೊತೆಗೂ ಸೇರದ ಆರ್ಗಾನ್ ಗುಳ್ಳೆಯಲ್ಲೇ ಉಳಿಯುತ್ತದೆ.

ಸಮುದ್ರದಲ್ಲಿ ಒಂದು ಸಿಗಡಿಯೂ ಈ ಕೆಲಸ ಮಾಡುತ್ತದಂತೆ. ಕೊಂಡಿಯನ್ನು ಟಪ್ ಅಂತ ಮುಚ್ಚುತ್ತದೆ, ಹಾರಿದ ನೀರಿನ ಹಿಂದೆ ಗುಳ್ಳೆ, ಗುಳ್ಳೆ ಕುಸಿದ ಪೆಟ್ಟಿಗೆ ಬೇಟೆ ತತ್ತರ. ಆ ಕುಸಿತದಲ್ಲೂ ಬೆಳಕಿದೆ ಅಂತ 2001ರಲ್ಲಿ ಅಳೆದು ತೋರಿಸಿದರು, ಕಣ್ಣಿಗೆ ಕಾಣುವಷ್ಟಲ್ಲ. ನಮ್ಮ ಹತ್ತಿರವೇ ಬೇಕೆಂದರೆ ಬಂಗಾರದ ಅಂಗಡಿಗೆ ಹೋಗಿ. ಕೊಳೆ ಹಿಡಿದ ಕಾಲುಂಗುರ ತೊಳೆಯುವ ಸಣ್ಣ ಮಷೀನು ಗುಂಯ್ ಅನ್ನುತ್ತದಲ್ಲ, ಒಳಗೆ ನಡೆಯುವುದು ಇದೇ ಗುಳ್ಳೆ ಕುಸಿತ. ಒಂದು ತುಂಡು ಅಲ್ಯುಮಿನಿಯಂ ಹಾಳೆ, ರೊಟ್ಟಿ ಸುತ್ತುವುದು, ಅದರಲ್ಲಿ ಸ್ವಲ್ಪ ಹೊತ್ತು ಇಳಿಬಿಟ್ಟರೆ ತೂತು ತೂತಾಗುತ್ತದೆ. ಮಾಮನ ಫ್ಯಾನಿನ ಹಾಗೆ.

ಇಷ್ಟರಲ್ಲಿ ಒಂದು ಕಥೆ ನಮ್ಮನ್ನು ಹಿಡಿದು ನಿಲ್ಲಿಸಿತು.

ಗುಳ್ಳೆಯಲ್ಲಿ ಅಷ್ಟು ಬಿಸಿ ಇದ್ದರೆ ಸೂರ್ಯನೊಳಗೆ ನಡೆಯುವಂತೆ ಪರಮಾಣು ಬೆಸೆಯಬಹುದಲ್ಲ ಎಂಬ ಆಸೆ ಹಲವರಿಗೆ ಹುಟ್ಟಿತು. ಬೆಸೆದರೆ ಕರೆಂಟಿನ ಚಿಂತೆಯೇ ಇಲ್ಲ. 2002ರ ಮಾರ್ಚ್‌ನಲ್ಲಿ ಭಾರತ ಮೂಲದ ರೂಸಿ ತಾಲೆಯಾರ್‌ಖಾನ್ ಮತ್ತು ಜೊತೆಗಾರರು ಅಮೆರಿಕದ ಓಕ್‌ರಿಜ್ ಪ್ರಯೋಗಾಲಯದಿಂದ ಹಾಗೆ ಬೆಸುಗೆಯ ಗುರುತು ಸಿಕ್ಕಿದೆ ಅಂತ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ದೊಡ್ಡ ಸುದ್ದಿಯಾಯಿತು. ಅದೇ ಪ್ರಯೋಗಾಲಯದ ಇನ್ನಿಬ್ಬರು ಬೇರೆ ಉಪಕರಣ ಇಟ್ಟು ನೋಡಿದರು, ಅವರಿಗೆ ಅದು ಸಿಗಲಿಲ್ಲ. ಆಮೇಲೆ ‘ಬೇರೆಯವರೂ ಸ್ವತಂತ್ರವಾಗಿ ಮಾಡಿ ನೋಡಿದ್ದಾರೆ’ ಎಂಬ ಮಾತು ಬಂತು. 2008ರಲ್ಲಿ ಅವರಿದ್ದ ಪರ್ಡ್ಯೂ ವಿಶ್ವವಿದ್ಯಾಲಯದ ಸಮಿತಿ ವಿಚಾರಣೆ ಮುಗಿಸಿ, ಆ ಸ್ವತಂತ್ರ ದೃಢೀಕರಣದ ವಿಷಯದಲ್ಲೇ ಸಂಶೋಧನೆಯ ನಿಯಮ ಮುರಿದಿದ್ದಾರೆ ಎಂದು ಹೇಳಿತು. ಬೇರೆಯವರದು ಅಂದದ್ದು ನಿಜವಾಗಿ ಬೇರೆಯವರದಾಗಿರಲಿಲ್ಲ.

ಇದನ್ನು ಓದಿದ್ದು ರಾತ್ರಿ ಹನ್ನೊಂದಕ್ಕೆ, ಫೋನಿನಲ್ಲಿ. ಫೋನು ಕೆಳಗಿಟ್ಟೆವು. ಮಾಮ, ಮತ್ತೆ ಮಾಮ ಹೇಳಿಕೊಟ್ಟ ಇಬ್ಬರು. ನಮ್ಮ ಸುದ್ದಿಯ ಮೇಲೆ ಸಮಿತಿ ಕೂಡುವುದಿಲ್ಲ, ಅಷ್ಟೇ ವ್ಯತ್ಯಾಸ. ಗುಳ್ಳೆಯ ಬೆಳಕು ನಿಜ, ಯಾರು ಬೇಕಾದರೂ ಕತ್ತಲಲ್ಲಿ ಕೂತು ನೋಡಬಹುದು. ಅದರ ಮೇಲೆ ಆತುರದಿಂದ ಹೊರಿಸಿದ್ದು ನಿಲ್ಲಲಿಲ್ಲ. ಮಾಮನ ಫ್ಯಾನಿನ ತೂತೂ ನಿಜವಾಗಿತ್ತು.

ಡೆಸ್ಕಿಗೆ ಫೋನ್ ಮಾಡಿ ತಿದ್ದುಪಡಿ ಹಾಕೋಣ ಅಂದೆವು. “ಅಂಗಡಿ ಹೆಸರೇ ಇಲ್ಲ, ತಿದ್ದುಪಡಿ ಯಾರಿಗೆ? ಹಳೇ ಸುದ್ದಿ ಬಿಡ್ರಿ” ಅಂದರು. ಇನ್ನೊಮ್ಮೆ ಬರೆದು ಕಳಿಸಿದೆವು, ಪಂಪಿನ ಕ್ಯಾವಿಟೇಶನ್ ಬಗ್ಗೆ ರೈತರಿಗೆ ಮಾಹಿತಿ ಅಂತ. ಜಾಗವಿಲ್ಲ ಅಂತ ಬಿತ್ತು. ಪತ್ರಿಕೆಯ ಹೆಸರು ಇಲ್ಲಿ ಬೇಡ. ಮೊದಲು ಬರೆದವರು ನಾವೇ.

ಚಾಚಾ ಹೇಳಿದಂತೆ ಮಾಮ ಕೊನೆಗೆ ದಂಡೆಯಲ್ಲಿ ಮಣ್ಣು ಅಗೆದು ಪಂಪನ್ನು ಒಂಬತ್ತು ಅಡಿ ಕೆಳಗೆ ಇಳಿಸಿದ. ಜೋಡಿಸಿದ ಪೈಪು ತೆಗೆದ, ಒಂದು ಬೆಂಡು ಬಿಡಿಸಿದ, ಫುಟ್‌ವಾಲು ತೊಳೆದ. ಸದ್ದು ನಿಂತಿತು. ಆ ಫ್ಯಾನ್, ಅದೇ ‘ಡೂಪ್ಲಿಕೇಟ್’ ಅಂಗಡಿಯದು, ಎರಡನೇ ಬೇಸಿಗೆ ಮುಗಿಸಿದೆ. ನಿಮ್ಮ ಪಂಪಿನಲ್ಲೂ ಕಲ್ಲಿನ ಸದ್ದು ಬಂದು ಬಿಚ್ಚಿದರೆ ಕಲ್ಲು ಸಿಗದಿದ್ದರೆ ಮೊದಲು ನೀರಿನಿಂದ ಪಂಪಿನ ತನಕ ಟೇಪು ಹಿಡಿಯಿರಿ. ತಕ್ಷಣ ಇಳಿಸಲು ಆಗದಿದ್ದರೆ ಹೊರಹಾಕುವ ಕಡೆಯ ವಾಲ್ವನ್ನು ಸ್ವಲ್ಪ ತಿರುವಿ ನೀರು ಕಡಿಮೆ ಮಾಡಿದರೆ ಕಡಿತ ತಗ್ಗುತ್ತದೆ. ಎಳೆಯುವ ಕಡೆ ಮಾತ್ರ ಯಾವ ವಾಲ್ವನ್ನೂ ಕಟ್ಟಬೇಡಿ, ಅಲ್ಲಿ ಕಟ್ಟಿದರೆ ಗುಳ್ಳೆ ಹೆಚ್ಚುತ್ತದೆ.

ನದಿ ಕಡೆಯ ಗಿರಾಕಿಗಳಲ್ಲಿ ಅರ್ಧ ಮಂದಿ ಈಗಲೂ ಪಂಪು ರಾಯಚೂರಿಗೆ ಒಯ್ಯುತ್ತಾರೆ. ಮಾಮ ಹೋಗಿ ಕ್ಷಮೆ ಕೇಳಿದ್ದಾನೆ. ಮಾಮ ಹೇಳಿದ್ದು ಮೂವರಿಗೆ, ನಾವು ಹೇಳಿದ್ದು ಜಿಲ್ಲೆಗೆ.

ಇದನ್ನು ಹಾಕುವ ಮೊದಲು ಚಾಚಾಗೆ ಓದಿ ಹೇಳಬೇಕು ಅನ್ನಿಸಿತು. ನಿನ್ನೆ ಸಂಜೆ ಹೋದೆವು, ಈ ಸಲ ನಮಾಜ್ ಮುಗಿಯುವ ತನಕ ಅಂಗಡಿಯ ಮುಂದೆ ಕೂತೆವು. ಓದುವಾಗ ಕರೆಂಟು ಹೋಯಿತು, ಫೋನಿನ ಬೆಳಕಿನಲ್ಲೇ ಮುಂದುವರಿಸಿದೆವು. ನೀಲಿ ಚುಕ್ಕಿಯ ಭಾಗ ಬಂದಾಗ ಅವರು ಎರಡನೇ ಸಲ ಓದಿಸಿದರು. “ನಮ್ಮ ಪಂಪಿನ್ಯಾಗೂ ಬೆಳಕು ಬಂದೀತೇನ್ರಿ?” ಹರಿಯುವ ನೀರಿನ ಗುಳ್ಳೆಯಲ್ಲೂ ಪ್ರಯೋಗಾಲಯದಲ್ಲಿ ಬೆಳಕು ಕಂಡಿದ್ದಾರೆ ಚಾಚಾ, ಆದರೆ ಬಹಳ ಮಂದ, ಕಬ್ಬಿಣದ ಪಂಪಿನೊಳಗೆ ನೋಡುವವರು ಯಾರು ಅಂದೆವು. ಹಳೆಯ ಫ್ಯಾನ್ ಕೈಗೆತ್ತಿಕೊಂಡು ಕತ್ತಲಲ್ಲೇ ಅದರ ತೂತುಗಳ ಮೇಲೆ ಬೆರಳಾಡಿಸಿದರು.

ಪೂರ್ತಿ ಕೇಳಿಸಿಕೊಂಡ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: “ಒಂದು ತಪ್ಪದ ಸಾಹೇಬ್ರ. ಗ್ಲ್ಯಾಂಡ್ ಹಗ್ಗ ನಾ ಎರಡು ಸಲ ಹಾಕೀನಿ, ನೀವು ಒಂದ ಸಲ ಅಂತ ಬರದೀರಿ.”

ಅಲ್ಲೇ ಕೂತು ತಿದ್ದಿದೆವು.